ಬೆಳಗಾವಿಯ ನಮ್ಮ ಮನೆಯ ನೆಲಮಾಳಿಗೆಯನ್ನು ಪ್ರತ್ಯೇಕ ವಾಸದ ಮನೆಯಾಗಿ ಮಾರ್ಪಡಿಸಬಹುದೇ?

ಟೈಲ್ಸ್, ಬಣ್ಣಗಳ ಲೆಕ್ಕಕ್ಕೆ ಮುನ್ನ ಮಹಾನಗರ ಪಾಲಿಕೆಯಲ್ಲಿ ವಿಚಾರಿಸಿರಿ. ಕಟ್ಟಡ ನಿಯಮಗಳು ನೆಲಮಾಳಿಗೆಯನ್ನು ಸಾಮಾನ್ಯವಾಗಿ ವಾಹನ ನಿಲುಗಡೆ, ಸಾಮಾನು ಸಂಗ್ರಹದಂಥ ಬಳಕೆಗಷ್ಟೇ ಒಪ್ಪುತ್ತವೆ. ಅನುಮತಿಯಿಲ್ಲದೆ ಅಲ್ಲಿ ಬಾಡಿಗೆದಾರರನ್ನು ಇರಿಸುವುದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ. ರಾಷ್ಟ್ರೀಯ ಕಟ್ಟಡ ಸಂಹಿತೆಯಂತೆ ವಾಸದ ಕೋಣೆಗೆ ಕನಿಷ್ಠ 2.75 ಮೀಟರ್ ಎತ್ತರ ಬೇಕು.

ಬೆಳಗಾವಿಯ ಮಳೆಗಾಲದಲ್ಲಿ ನಿಜವಾದ ತೊಡಕು ತೇವದ್ದು. ಜುಲೈ ತಿಂಗಳಲ್ಲಿ ಪ್ಲಾಸ್ಟಿಕ್ ಹಾಳೆಯೊಂದರ ನಾಲ್ಕೂ ಅಂಚುಗಳನ್ನು ಗೋಡೆಗೆ ಟೇಪಿನಿಂದ ಅಂಟಿಸಿ ಎರಡು ದಿನ ಬಿಡಿರಿ: ಹಾಳೆಯ ಹಿಂಬದಿ ಹನಿಗಟ್ಟಿದರೆ ಹೊರಗಿನ ಮಣ್ಣಿನ ನೀರು ಗೋಡೆಯ ಮೂಲಕ ಒಸರುತ್ತಿದೆಯೆಂದೂ, ಮುಂಬದಿ ಹನಿಗಟ್ಟಿದರೆ ಕೋಣೆಯೊಳಗೆ ಗಾಳಿಯಾಡುವಿಕೆ ಸಾಲದೆಂದೂ ತಿಳಿಯಬಹುದು. ಒಸರುವ ಗೋಡೆಗೆ ಸಾಧ್ಯವಾದಷ್ಟೂ ಹೊರಬದಿಯಿಂದಲೇ ವಾಟರ್‌ಪ್ರೂಫಿಂಗ್ ಮಾಡಿಸಿರಿ. ಒಳಗೆ ಬಳಿದ ಬಣ್ಣ ಹಕ್ಕಳೆಯಾಗಿ ಉದುರುತ್ತದೆ. ಶೌಚಾಲಯವು ರಸ್ತೆಯ ಒಳಚರಂಡಿಗಿಂತ ಕೆಳಮಟ್ಟದಲ್ಲಿದ್ದರೆ ಪಂಪು ಅನಿವಾರ್ಯ.