ಮಂಗನ ಕಾಯಿಲೆ ಬಂದ 25 ಜನರಲ್ಲಿ 15 ಮಂದಿ ಲಸಿಕೆ ಪಡೆದವರೇ ಆಗಿದ್ದರೆ ಆ ಲಸಿಕೆ ನಿಷ್ಪ್ರಯೋಜಕವೇ?

ಸಾಗರದ ಕಡೆಯ ತಮ್ಮ ಊರಿನಲ್ಲಿ ಹಿಂದೆ ಮಂಗನ ಕಾಯಿಲೆ ಬಂದ 25 ಜನರ ಪೈಕಿ 15 ಮಂದಿ ಲಸಿಕೆ ಹಾಕಿಸಿಕೊಂಡಿದ್ದರು, ಹಾಗಾದರೆ ಲಸಿಕೆಯಿಂದ ಪ್ರಯೋಜನವೇ ಇರಲಿಲ್ಲವಲ್ಲ ಎಂದು ಕೇಳಿದ್ದೀರಿ. ಇಷ್ಟೇ ಮಾಹಿತಿಯಿಂದ ಹಾಗೆ ತೀರ್ಮಾನಿಸಲು ಬರುವುದಿಲ್ಲ. ಶಿವಮೊಗ್ಗದಲ್ಲಿ ಸಮುದಾಯ ವೈದ್ಯಶಾಸ್ತ್ರ ಕಲಿಸುವ ನಾನು ಇಂತಹ ಯಾವ ಅಂಕಿ ಕಂಡರೂ ಮೊದಲು ಅದರ ಛೇದವನ್ನು ಹುಡುಕುತ್ತೇನೆ: ಲಸಿಕೆ ಪಡೆದ ಒಟ್ಟು ಎಷ್ಟು ಜನರಲ್ಲಿ 15, ಪಡೆಯದ ಎಷ್ಟು ಜನರಲ್ಲಿ 10?

ಲೆಕ್ಕಕ್ಕಾಗಿ ಊರಿನಲ್ಲಿ ಸಾವಿರ ಜನರಿದ್ದು, 600 ಮಂದಿ ಲಸಿಕೆ ಪಡೆದಿದ್ದರೆಂದು ಕಲ್ಪಿಸಿಕೊಳ್ಳೋಣ. ಆಗ ಎರಡೂ ಗುಂಪಿನಲ್ಲಿ ಕಾಯಿಲೆಯ ಪ್ರಮಾಣ ಶೇ. 2.5, ತಮ್ಮ ಅನುಮಾನವೇ ನಿಜವೆನಿಸುತ್ತದೆ. ಆದರೆ ಈ ವೈರಸ್ಸನ್ನು ಹರಡುವುದು ಕಾಡಿನ ಉಣುಗು. ದರಗು ಗುಡಿಸಲು, ಸೌದೆ ತರಲು, ದನ ಮೇಯಿಸಲು ಕಾಡಿಗೆ ಹೋಗುವವರಿಗೇ ಅಪಾಯ ಹೆಚ್ಚು, ಭಯದಿಂದ ಲಸಿಕೆಗೆ ಮುಂದೆ ಬಂದವರೂ ಬಹುಶಃ ಅವರೇ. ಆದ್ದರಿಂದ ಕಾಡಿಗೆ ಹೋಗುವ 600 ಜನರನ್ನಷ್ಟೇ ಬೇರ್ಪಡಿಸಿ ನೋಡಬೇಕು. ಅವರಲ್ಲಿ ಲಸಿಕೆ ಪಡೆದ 500 ಜನರ ಪೈಕಿ 14 ಮಂದಿಗೆ, ಪಡೆಯದ 100 ಜನರ ಪೈಕಿ 7 ಮಂದಿಗೆ ಕಾಯಿಲೆ ಬಂದಿದ್ದರೆ, ಪ್ರಮಾಣ ಕ್ರಮವಾಗಿ ಶೇ. 2.8 ಮತ್ತು ಶೇ. 7. ಅಂದರೆ ಲಸಿಕೆ ಪಡೆದವರಲ್ಲಿ ಅಪಾಯ ಶೇ. 60ರಷ್ಟು ಕಡಿಮೆ! ಮನೆಯ ಬಳಿಯೇ ಇರುವ ಉಳಿದ 400 ಜನರಲ್ಲಿ ರೋಗಿಗಳು ನಾಲ್ವರೇ ಆದ್ದರಿಂದ ಅಲ್ಲಿ ಏನನ್ನೂ ಹೇಳಲಾಗದು. ಕಾಡಿನ ಒಡನಾಟವು ಲಸಿಕೆಯ ಪರಿಣಾಮವನ್ನು ಹೀಗೆ ಮರೆಮಾಚುವುದನ್ನೇ ಕನ್‌ಫೌಂಡಿಂಗ್ ಎನ್ನುತ್ತಾರೆ. ಎಷ್ಟೋ ಒಳ್ಳೆಯ ಉಪಾಯಗಳು ಇದರಿಂದಾಗಿಯೇ ಅಪವಾದಕ್ಕೆ ಗುರಿಯಾಗುತ್ತವೆ ಎಂಬುದು ನನಗೆ ನೋವಿನ ಸಂಗತಿ.

ಇಡೀ ಊರನ್ನು ಡಿಸೆಂಬರಿನಿಂದ ಮೇವರೆಗೆ ಹಿಂಬಾಲಿಸುವ ಕೊಹಾರ್ಟ್ ಅಧ್ಯಯನ ದುಬಾರಿಯಾದಾಗ, ರೋಗಿಗಳನ್ನು ರೋಗವಿಲ್ಲದವರೊಂದಿಗೆ ಹೋಲಿಸುವ ಕೇಸ್-ಕಂಟ್ರೋಲ್ ಅಧ್ಯಯನ ಮಾಡಬಹುದು. ಆದರೆ ಹೋಲಿಕೆಯ ಜನರನ್ನು ಅದೇ ಊರಿನಿಂದ ಆರಿಸಬೇಕೇ ಹೊರತು ಶಿವಮೊಗ್ಗ ಪೇಟೆಯಿಂದಲ್ಲ. ಕಾಯಿಲೆ ಅನುಭವಿಸಿದವರು ಹಿಂದಿನದನ್ನು ಹೆಚ್ಚು ಕೆದಕಿ ನೆನೆಯುತ್ತಾರೆ. ಹಾಗಾಗಿ ಲಸಿಕೆಯ ವಿವರವನ್ನು ಬಾಯಿಮಾತಿನಿಂದಲ್ಲದೆ ಆರೋಗ್ಯ ಕೇಂದ್ರದ ದಾಖಲೆಯಿಂದ ಪಡೆಯುವುದು ಮೇಲು.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಬಳಿ ಮೊದಲು ಗುರುತಿಸಲಾದ ಈ ಕಾಯಿಲೆಯ ಲಸಿಕೆಯ ಬಗ್ಗೆ ನಿಜವಾದ ಅಧ್ಯಯನವೂ ಇದೆ. ಕರ್ನಾಟಕದ 2005ರಿಂದ 2010ರವರೆಗಿನ ಮಾಹಿತಿಯನ್ನು ವಿಶ್ಲೇಷಿಸಿ 2013ರಲ್ಲಿ ಪ್ರಕಟವಾದ ಲೇಖನದ ಪ್ರಕಾರ, ಎರಡು ಡೋಸ್ ಪಡೆದವರಲ್ಲಿ ಲಸಿಕೆಯ ಪರಿಣಾಮ ಸುಮಾರು ಶೇ. 62, ಬೂಸ್ಟರನ್ನೂ ಪಡೆದವರಲ್ಲಿ ಸುಮಾರು ಶೇ. 83. ಇದು ಪೂರ್ಣ ರಕ್ಷಣೆಯಾಗಿರಲಿಲ್ಲ, ವ್ಯರ್ಥವೂ ಆಗಿರಲಿಲ್ಲ. ಆದ್ದರಿಂದ ಆ 15 ಮಂದಿಯಲ್ಲಿ ಎಷ್ಟು ಜನ ಎರಡೂ ಡೋಸ್ ಮುಗಿಸಿದ್ದರು, ಎಷ್ಟು ಜನ ಒಂದಕ್ಕೇ ನಿಲ್ಲಿಸಿದ್ದರು ಎಂಬುದನ್ನೂ ದಯವಿಟ್ಟು ವಿಚಾರಿಸಿ ತಿಳಿಸಿ.