ಬೀಗದಕೈ ಕೊಟ್ಟ ಮೇಲೆ ಎಲ್ಲಿ ನಿಲ್ಲುತ್ತೀರಿ?

(ಹೆಸರುಗಳನ್ನೂ ಗುರುತು ಹತ್ತುವ ವಿವರಗಳನ್ನೂ ಬದಲಿಸಿದ್ದೇನೆ. ಕೋಲಾರ ಜಿಲ್ಲೆ ಅನ್ನುವುದು ಮಾತ್ರ ಹಾಗೇ ಇದೆ. ಬರೆಯಲು ಅವರು ಒಪ್ಪಿದ್ದಾರೆ.)

ಸರೋಜಮ್ಮ ಸಲಹೆ ಕೇಳಿಕೊಂಡು ನನ್ನ ಹತ್ತಿರ ಬಂದಿದ್ದು ಏಪ್ರಿಲ್ ಕೊನೆಯಲ್ಲಿ. ವಯಸ್ಸು 54, ಪ್ರಾಥಮಿಕ ಶಾಲೆಯ ಟೀಚರ್. ಎರಡನೇ ಮಗಳ ಮದುವೆಗೆ ಇನ್ನು ಮೂರು ವಾರ ಇತ್ತು. ರಾತ್ರಿ ಎರಡಕ್ಕೆ ಎಚ್ಚರ ಆಗುತ್ತದೆ, ಎದ್ದು ಪಟ್ಟಿ ಬರೆಯುತ್ತಾ ಕೂರುತ್ತೇನೆ ಅಂದರು. ಬ್ಯಾಗಿನಿಂದ ಮೂರು ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. ಚೌಲ್ಟ್ರಿಗೆ ಕಾಲಿಟ್ಟ ತಕ್ಷಣ ಕರೆಂಟ್ ಮೀಟರ್ ರೀಡಿಂಗ್ ಬರೆದುಕೊಳ್ಳಬೇಕು ಅನ್ನುವುದೂ ಅದರಲ್ಲಿತ್ತು. ಅದರ ಮುಂದೆ "ನಾನು" ಅಂತ ಬರೆದಿದ್ದರು. ಎಲೆ ಲೆಕ್ಕ, ನಾನು. ಮೊಸರು, ನಾನು. ವಾಲಗದವರ ದುಡ್ಡು, ನಾನು. ತಾಂಬೂಲದ ಚೀಲ, ನಾನು.

ಯಜಮಾನರು ತೀರಿಕೊಂಡು ನಾಲ್ಕು ವರ್ಷ. ದೊಡ್ಡ ಮಗಳ ಮದುವೆಯನ್ನೂ ಇವರೇ ನಿಂತು ಮಾಡಿದ್ದರು. "ಆವತ್ತು ತಾಳಿ ಕಟ್ಟೋದನ್ನ ನೋಡ್ಲೇ ಇಲ್ಲ ಮೇಡಂ. ಗಟ್ಟಿಮೇಳ ಕೇಳಿಸ್ತು, ಅಷ್ಟೇ. ಉಗ್ರಾಣದಲ್ಲಿ ತುಪ್ಪದ ಡಬ್ಬ ತೆಗೆದುಕೊಡ್ತಾ ಇದ್ದೆ."

ಈ ಸಲ ಯಾರಿಗಾದರೂ ವಹಿಸಬಾರದಾ ಅಂದೆ. ಮೈದುನ ಇದ್ದಾರೆ. ಆದರೆ ಅವರದು ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ. ಮೇ ತಿಂಗಳಲ್ಲಿ ಮಂಡಿಯವರ ಕಿವಿಯಿಂದ ಫೋನ್ ಬಿಡಿಸುವುದು ದೇವರಿಂದಲೂ ಆಗದ ಕೆಲಸ.

ಮಾತಾಡ್ತಾ ಮಾತಾಡ್ತಾ ಇನ್ನೊಂದು ಹೆಸರು ಬಂತು. ಮುನಿರತ್ನಮ್ಮ, ಅವರ ಶಾಲೆಯ ಬಿಸಿಯೂಟದ ಮುಖ್ಯ ಅಡುಗೆಯವರು. ಹನ್ನೊಂದು ವರ್ಷದಿಂದ ಅಕ್ಕಿ, ಬೇಳೆ, ಎಣ್ಣೆ ಅಳೆದು ಅಳೆದು ಕೈ ಪಳಗಿದೆ. ಎಷ್ಟು ಜನಕ್ಕೆ ಎಷ್ಟು ಬೇಕು ಅಂತ ನೋಡಿದರೇ ಹೇಳುತ್ತಾರೆ. ಹೇಗೂ ಬೇಸಿಗೆ ರಜೆ. "ನಾನು ಬರ್ತೀನಿ ಟೀಚರ್" ಅಂತ ಅವರೇ ಅಂದಿದ್ದರು. ಇವರು "ನೋಡೋಣ" ಅಂದು ಸುಮ್ಮನಾಗಿದ್ದರು.

"ನೆಂಟರು ಬಿಡ್ತಾರಾ ಮೇಡಂ? ಹೊರಗಿನವಳ ಕೈಗೆ ಉಗ್ರಾಣದ ಬೀಗದಕೈ ಕೊಟ್ಟಳು ಅಂತಾರೆ."

ಇದು ಸುಳ್ಳಲ್ಲ. ಆದರೂ ಇಷ್ಟೇ ಇರಲಾರದು ಅನ್ನಿಸಿತು. "ಸರಿ, ಬೀಗದಕೈ ಕೊಟ್ಟಾಯ್ತು ಅಂತ ಇಟ್ಟುಕೊಳ್ಳಿ. ಮುಹೂರ್ತದ ಹೊತ್ತಿಗೆ ನೀವು ಎಲ್ಲಿ ನಿಂತಿರ್ತೀರಿ?" ಅಂತ ಕೇಳಿದೆ.

ತುಂಬ ಹೊತ್ತು ಮಾತಿಲ್ಲ. ಆಮೇಲೆ ಹೇಳಿದರು. ದೊಡ್ಡ ಮಗಳನ್ನು ಧಾರೆ ಎರೆದುಕೊಟ್ಟಿದ್ದು ಮೈದುನ ಮತ್ತು ಓರಗಿತ್ತಿ. ಗಂಡ ಇಲ್ಲದವಳು ಮಂಟಪದ ಹತ್ತಿರ ಬರಬೇಡ ಅಂತ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಮೊದಲೇ ಇವರು ಉಗ್ರಾಣ ಸೇರಿಕೊಂಡಿದ್ದರು. "ಕೈಯಲ್ಲಿ ಕೆಲಸ ಇದ್ರೆ, ಯಾಕೆ ಇಲ್ಲಿದ್ದೀಯ ಅಂತ ಯಾರೂ ಕೇಳಲ್ಲ, ಅಲ್ವಾ?"

ಅಲ್ಲಿಯವರೆಗೂ ನಾನು ಇವರನ್ನು ಯಾರನ್ನೂ ನಂಬದ ಹೆಂಗಸು ಅಂದುಕೊಂಡಿದ್ದೆ. ತಪ್ಪು ನನ್ನದು.

ಶಾಸ್ತ್ರ ಏನನ್ನುತ್ತದೆ ಅಂತ ಹೇಳುವುದು ನನ್ನ ಕೆಲಸ ಅಲ್ಲ. ಮದುಮಗಳನ್ನು ಕೇಳಿ ಅಂದೆ. "ನಾನು ಮಂಟಪಕ್ಕೆ ಬರಲಾ?" ಅಂತ ಅಲ್ಲ, "ನಾನು ಎಲ್ಲಿ ನಿಂತರೆ ನಿನಗೆ ಇಷ್ಟ?" ಅಂತ. ಒಮ್ಮೆ ಬಿಪಿಯನ್ನೂ ನೋಡಿಸಿಕೊಳ್ಳಿ ಅಂದೆ.

ಮುಂದಿನ ವಾರ ಬಂದಾಗ ಮುಖ ಸ್ವಲ್ಪ ತಿಳಿಯಾಗಿತ್ತು. "ನನ್ನ ಬೆನ್ನ ಹಿಂದೆ ನಿಂತ್ಕೋ, ನಿನ್ನ ಕೈ ನನ್ನ ಹೆಗಲ ಮೇಲಿರಲಿ" ಅಂದಿದ್ದಳಂತೆ ಮಗಳು. ಪುರೋಹಿತರ ಹತ್ತಿರವೂ ಅವಳೇ ಮಾತಾಡಿದ್ದಳು.

ಆಮೇಲೆ ನೋಟ್‌ಬುಕ್‌ಗಳಿಗೆ ಕೈ ಹಾಕಿದೆವು. ಬೀಗದಕೈಯನ್ನು ಗುಟ್ಟಾಗಿ ಕೊಡಬೇಡಿ ಅಂದೆ. ಚಪ್ಪರದ ದಿನ ಅಡುಗೆ ಭಟ್ಟರು, ಮೈದುನ, ಓರಗಿತ್ತಿ ಎಲ್ಲರೂ ಇರುವಾಗ "ಉಗ್ರಾಣ ಮುನಿರತ್ನಮ್ಮನದು" ಅಂತ ಹೇಳಿಬಿಡಿ. ಇಲ್ಲದಿದ್ದರೆ ಭಟ್ಟರು ತುಪ್ಪ ಕೇಳಿಕೊಂಡು ಮತ್ತೆ ನಿಮ್ಮ ಹತ್ತಿರವೇ ಬರುತ್ತಾರೆ. ಬೀಗದಕೈ ಜೊತೆ ಚಿಲ್ಲರೆ ಮಾಡಿಸಿದ ಹತ್ತು ಸಾವಿರ ರೂಪಾಯಿಯನ್ನೂ ಕೊಡಿ. ಎರಡು ಸಾವಿರದ ಒಳಗಿನ ಖರ್ಚಿಗೆ ನಿಮ್ಮನ್ನು ಕೇಳುವುದು ಬೇಡ. ಕೆಲಸ ಕೊಟ್ಟು ತೀರ್ಮಾನ ಮಾತ್ರ ತಮ್ಮ ಹತ್ತಿರವೇ ಇಟ್ಟುಕೊಳ್ಳುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅದರಿಂದ ಇಬ್ಬರಿಗೂ ಸುಸ್ತು.

ಮುಯ್ಯಿ ಪುಸ್ತಕ ಮಾತ್ರ ಮುನಿರತ್ನಮ್ಮನಿಗೆ ಬೇಡ ಅಂದೆ. ಅವರ ಮೇಲೆ ಅನುಮಾನದಿಂದ ಅಲ್ಲ. ನಾಳೆ ನೂರು ರೂಪಾಯಿ ಹೆಚ್ಚುಕಮ್ಮಿ ಆದರೂ ನೆಂಟರ ಬೆರಳು ಮೊದಲು ಹೊರಗಿನವರ ಕಡೆಗೇ ತಿರುಗುತ್ತದೆ. ಅದಕ್ಕೆ ಓರಗಿತ್ತಿಯ ಮಕ್ಕಳಿಬ್ಬರು, ಒಬ್ಬರು ತೆಗೆದುಕೊಳ್ಳಲಿಕ್ಕೆ, ಒಬ್ಬರು ಬರೆಯಲಿಕ್ಕೆ. ಮೈದುನರಿಗೆ ಬೀಗರ ಉಪಚಾರ. ಮರ್ಯಾದೆಯ ಕೆಲಸ, ಫೋನ್ ಹಿಡಿದುಕೊಂಡೇ ಮಾಡಬಹುದು. ಸರೋಜಮ್ಮನ ಫೋನ್ ದೊಡ್ಡ ಮಗಳ ಹತ್ತಿರ. ಮುನಿರತ್ನಮ್ಮನ ಎರಡು ದಿನದ ಕೂಲಿ ಮೊದಲೇ ಮಾತಾಡಿ, ಅದೂ ಅಲ್ಲದೆ ಓರಗಿತ್ತಿಗೆ ತಂದಂಥದ್ದೇ ಸೀರೆ ಕೊಡಿ ಅಂದೆ. ಸೀರೆ ವಿಷಯಕ್ಕೆ ಸ್ವಲ್ಪ ಹಿಂದೆಮುಂದೆ ನೋಡಿದರು. ನಾನು ಬಿಡಲಿಲ್ಲ.

ಮದುವೆಯಾದ ಹತ್ತು ದಿನಕ್ಕೆ ಬಂದರು. ಹೆಗಲ ಮೇಲೆ ಕೈಯಿಟ್ಟ ಫೋಟೋ ತೋರಿಸಿದರು. ಒಬ್ಬ ದೊಡ್ಡತ್ತೆ ಮುಖ ತಿರುಗಿಸಿದ್ದು ನಿಜವಂತೆ. ಆರತಕ್ಷತೆಯ ರಾತ್ರಿ ತಡೆಯಲಾರದೆ ಒಮ್ಮೆ ಉಗ್ರಾಣಕ್ಕೆ ಹೋಗಿದ್ದರು. "ಇಲ್ಲಿ ನಿಮಗೇನು ಕೆಲಸ ಟೀಚರ್?" ಅಂತ ಮುನಿರತ್ನಮ್ಮ ವಾಪಸ್ ಕಳಿಸಿದ್ದರು. ಮೂರನೇ ಪಂಕ್ತಿಗೆ ಮೊಸರು ಸಾಲದೆ ಬಂದು, ಮುನಿರತ್ನಮ್ಮ ಆಟೋ ಕಳಿಸಿ ತರಿಸಿದ್ದು ಇವರಿಗೆ ಗೊತ್ತಾಗಿದ್ದೇ ಮೂರು ದಿನ ಬಿಟ್ಟು.

"ಒಂದು ಮಾತು ನನ್ನನ್ನ ಕೇಳಲೇ ಇಲ್ಲ ನೋಡಿ ಮೇಡಂ" ಅಂದರು. ಸ್ವಲ್ಪ ಬೇಜಾರಿನಿಂದಲೇ.