ಸಲಿಂಗಿಗಳ ಹಕ್ಕಿನ ವಿಷಯ ಸಂಸತ್ತಿಗೆ ಬಿಡಬೇಕಾ, ಕೋರ್ಟಿಗಾ?

ಜನ ಆರಿಸಿ ಕಳಿಸಿದ ಸಂಸತ್ತು ಇರುವಾಗ ಸಲಿಂಗಿಗಳ ವಿಷಯದಲ್ಲಿ ಕೋರ್ಟು ಯಾಕೆ ನಡುವೆ ಬರಬೇಕು ಅಂತ ಕೇಳಿದ್ದೀರಿ. ನಾನು ಬೆಳಗಾವಿಯಲ್ಲಿ ವಕೀಲಿ ಮಾಡುತ್ತೇನೆ. ಕಾನೂನು ಓದಿದವರಲ್ಲೂ ಈ ಜಗಳ ಮುಗಿದಿಲ್ಲ. ಆದರೆ ಮತದ ಬಲ ಇಲ್ಲದವರು ಕೊನೆಗೆ ಕೋರ್ಟಿನ ಬಾಗಿಲನ್ನೇ ತಟ್ಟಬೇಕಾಗುತ್ತದೆ. ನಮ್ಮ ದೇಶದಲ್ಲಿ ನಡೆದದ್ದೂ ಅದೇ.

ಸಲಿಂಗ ಸಂಬಂಧವನ್ನು ಅಪರಾಧ ಮಾಡಿದ್ದ ಕಲಂ 377 ಬ್ರಿಟಿಷರ ಕಾಲದ್ದು, 1860ರ ದಂಡ ಸಂಹಿತೆಯಲ್ಲಿತ್ತು. ವಯಸ್ಕರು ಒಪ್ಪಿ ಇಟ್ಟುಕೊಂಡ ಸಂಬಂಧಕ್ಕೆ ಅದು ಸಲ್ಲದು ಎಂದು 2009ರಲ್ಲಿ ದೆಹಲಿ ಹೈಕೋರ್ಟು ಹೇಳಿತು. 2013ರಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದು ಮಾಡಿತು. ಸಲಿಂಗಿಗಳು ಜನಸಂಖ್ಯೆಯಲ್ಲಿ ತೀರಾ ಸಣ್ಣ ಪಾಲು, 150 ವರ್ಷದಲ್ಲಿ ಶಿಕ್ಷೆಯ ಕೇಸು ನಡೆದದ್ದು 200ಕ್ಕಿಂತ ಕಡಿಮೆ ಜನರ ಮೇಲೆ ಎಂದಿತು. ಬೇಕಿದ್ದರೆ ಸಂಸತ್ತು ಕಾನೂನು ಬದಲಿಸಲಿ ಎಂದೂ ಹೇಳಿತು. ಅಂದರೆ ನೀವು ಹೇಳುವ ದಾರಿಯೇ, ಅಲ್ವಾ? 2015ರಲ್ಲಿ ಸಂಸದ ಶಶಿ ತರೂರ್ ಈ ಕಲಂ ಬದಲಿಸಲು ಲೋಕಸಭೆಯಲ್ಲಿ ಖಾಸಗಿ ಮಸೂದೆ ತಂದರು. ಚರ್ಚೆ ದೂರದ ಮಾತು, ಮಂಡಿಸಲಿಕ್ಕೇ ಸದನ ಬಿಡಲಿಲ್ಲ.

2017ರಲ್ಲಿ, ಖಾಸಗಿತನ ಮೂಲಭೂತ ಹಕ್ಕು ಎಂಬ ಸುಪ್ರೀಂ ಕೋರ್ಟಿನ ತೀರ್ಪು ಬಂತು. ಆ ಕೇಸು ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತಲೆ ಎಣಿಸಿ ಹಕ್ಕು ಕೊಡಲು ಆಗುವುದಿಲ್ಲ ಎಂಬ ಮಾತು ಅಲ್ಲಿ ಸ್ಪಷ್ಟವಾಗಿ ಬಂತು. ನನಗೆ ಇಡೀ ವಿಷಯದ ತಿರುಳು ಅದೇ. ಮರುವರ್ಷ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳು ಒಮ್ಮತದಿಂದ ವಯಸ್ಕರ ಒಪ್ಪಿಗೆಯ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆದರು.

ಇದು ಸುಮ್ನೆ ದೆಹಲಿಯ ಮಾತಲ್ಲ. ಕೆಲವು ವರ್ಷದ ಹಿಂದೆ ಹಳ್ಳಿಯಿಂದ ಇಬ್ಬರು ಹುಡುಗಿಯರು ನನ್ನ ಹತ್ತಿರ ಬಂದರು. ಮನೆಯವರು ಕಾಣೆಯಾಗಿದ್ದಾರೆಂದು ದೂರು ಕೊಟ್ಟಿದ್ದರು. ಠಾಣೆಯ ಮೇಜಿನ ಮೇಲೆ 2018ರ ತೀರ್ಪಿನ ಪ್ರತಿ ಇಟ್ಟೆ. ಇಬ್ಬರಿಗೂ 18 ದಾಟಿತ್ತು. ಹೇಳಿಕೆ ಬರೆದುಕೊಂಡು ಕಳಿಸಿದರು. ಆ ತೀರ್ಪು ಇಲ್ಲದಿದ್ದರೆ ಅವರು ತಮ್ಮ ಸಂಬಂಧದ ಬಗ್ಗೆ ಅಲ್ಲಿ ಬಾಯಿ ಬಿಡಲೂ ಹೆದರಬೇಕಿತ್ತು.

ಲಿಂಗತ್ವ ಅಲ್ಪಸಂಖ್ಯಾತರ ಕಥೆಯೂ ಹಾಗೇ. ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ, ದೇವಿಯ ಸೇವೆಗೆ ನಿಂತು ಹೆಣ್ಣಾಗಿ ಬಾಳುವ ಜೋಗಪ್ಪಗಳ ಕಾಲಿಗೆ ಬೀಳುವ ಜನವೇ ಊರಲ್ಲಿ ಅವರಿಗೆ ಬಾಡಿಗೆ ಮನೆ ಕೊಡಲು ಹಿಂದೆ ಸರಿಯುತ್ತಾರೆ. ತಮ್ಮ ಲಿಂಗ ಯಾವುದೆಂದು ತಾವೇ ಹೇಳಿಕೊಳ್ಳುವ ಹಕ್ಕನ್ನು ಸುಪ್ರೀಂ ಕೋರ್ಟು ಒಪ್ಪಿದ್ದು 2014ರಲ್ಲಿ. ಹೈಕೋರ್ಟಿನಲ್ಲಿ ಕೇಸು ನಡೆದಿದ್ದಾಗಲೇ, 2021ರಲ್ಲಿ ರಾಜ್ಯ ಸರ್ಕಾರ ಅವರಿಗೆ ನೌಕರಿಯಲ್ಲಿ ಶೇ. 1 ಮೀಸಲಾತಿ ತಂದಿತು.

ಕೋರ್ಟು ಎಲ್ಲವನ್ನೂ ಮಾಡಿಲ್ಲ, ನಿಜ. 2023ರ ಅಕ್ಟೋಬರ್ 17ರಂದು ಮದುವೆಯ ಹಕ್ಕನ್ನು ಸಂಸತ್ತಿಗೇ ಬಿಟ್ಟಿತು. ನನಗೆ ಅದು ನೋವು ತಂದ ತೀರ್ಪು. ಆದರೆ ಅದೇ ಕೇಸಿನ ಬೆನ್ನಿಗೇ, ಸಲಿಂಗಿ ಜೋಡಿಗಳು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು ಅಡ್ಡಿ ಇಲ್ಲ ಎಂದು 2024ರ ಆಗಸ್ಟಿನಲ್ಲಿ ಕೇಂದ್ರ ಹಣಕಾಸು ಇಲಾಖೆ ಸ್ಪಷ್ಟಪಡಿಸಿತು. ಆ ಹುಡುಗಿಯರಿಗೆ ಫೋನ್ ಮಾಡಿ ನಾನು ಮೊದಲು ಹೇಳಿದ್ದು ಇದನ್ನೇ.